ಲೇಬಲ್ ಹರಿದ ಬಾಟಲಿ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನದು ತಪಾಸಣೆಯ ಕೆಲಸ. ಬೇರೆಯವರು ಮಾಡಿದ ಮಾಲಿನಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ. ಈ ಚಾಳಿ ಮನೆಗೂ ಬಂದಿತ್ತು. ಅಕ್ಕಿ ತಂದರೂ ಎರಡು ಬಗೆ ತಂದು, ಬೇರೆ ಬೇರೆ ಪಾತ್ರೆಯಲ್ಲಿ ಬೇಯಿಸಿ ನೋಡಬೇಕು. ಮಾಕಳಿಯ ಅಂಗನವಾಡಿಯಲ್ಲಿ ಟೀಚರಾಗಿರುವ ನನ್ನ ಹೆಂಡತಿ ಇದನ್ನೆಲ್ಲ ನಗುತ್ತಲೇ ಸಹಿಸಿಕೊಂಡಿದ್ದಳು.

ಹೋದ ವರ್ಷ ನನ್ನ ಒಸಡಿನಲ್ಲಿ ರಕ್ತ ಬಂತು. ಹಲ್ಲಿನ ಡಾಕ್ಟರಮ್ಮ ಪ್ಲಾಕ್, ಅಂದರೆ ಹಲ್ಲಿನ ಮೇಲೆ ಕೊಳೆ, ಕಟ್ಟಿದೆ ಎಂದು ಬಾಯಿ ಮುಕ್ಕಳಿಸುವ ಔಷಧ ಬರೆದು, ಹದಿನೈದು ದಿನ ಸಾಕು ಎಂದರು. ಮೆಡಿಕಲ್ ಸ್ಟೋರಿನವನು ಲವಂಗ, ಪುದೀನ ಎಣ್ಣೆಯ ಇನ್ನೊಂದನ್ನು ತೋರಿಸಿ, "ಇದೂ ಅಷ್ಟೇ ಕೆಲ್ಸ ಮಾಡುತ್ತೆ ಸಾರ್" ಎಂದ. ನನಗೆ ಅಷ್ಟು ಸಾಕಾಯಿತು. ಎರಡನ್ನೂ ತಂದೆ.

ಕಾರ್ಖಾನೆಯಲ್ಲಿ ಪರೀಕ್ಷೆಗೆ ಬರುವ ಮಾಲಿನ ಮೇಲೆ ಹೆಸರು ಇರಬಾರದು, ಹೆಸರು ನೋಡಿದರೆ ಕಣ್ಣು ಮೋಸ ಮಾಡುತ್ತದೆ. ಹಾಗಾಗಿ ಎರಡು ಬಾಟಲಿಯ ಲೇಬಲ್ಲನ್ನೂ ಕಿತ್ತು, ಎ, ಬಿ ಎಂದು ಚೀಟಿ ಅಂಟಿಸಿದೆ. ನ್ಯಾಯವಾಗಿ ಡಾಕ್ಟರ ಔಷಧ ನನಗೇ ಸೇರಬೇಕಿತ್ತು. ಆದರೆ ಎರಡು ದಿನ ಮುಕ್ಕಳಿಸಿದ್ದಕ್ಕೇ ಸಾರಿನ ರುಚಿ ಕೆಟ್ಟಿತ್ತು. ಆ ಬಾಟಲಿಯನ್ನು ಯಾವುದೆಂದು ಹೇಳದೆ ಹೆಂಡತಿಗೆ ಕೊಟ್ಟು, ಲವಂಗದ್ದನ್ನು ನಾನಿಟ್ಟುಕೊಂಡೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ವಾರಕ್ಕೊಮ್ಮೆ ಕೊಳೆಯಿದ್ದಲ್ಲಿ ಕೆಂಪು ಹತ್ತಿಸುವ ಮಾತ್ರೆಯನ್ನು ಇಬ್ಬರೂ ಅಗಿದು ಉಗಿಯುತ್ತಿದ್ದೆವು. ನಾನು ಟಾರ್ಚ್ ಹಿಡಿದು ನೋಡಿ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. ಅವಳ ಹಲ್ಲಿನಲ್ಲಿ ಕೆಂಪು ಕಡಿಮೆಯಾಗುತ್ತಾ ಹೋಯಿತು. ಖುಷಿಯಲ್ಲಿ ಹದಿನೈದು ದಿನವನ್ನು ಎರಡು ತಿಂಗಳಿಗೆ ಎಳೆದೆ, ಖಾಲಿಯಾದಾಗಲೆಲ್ಲ ಹೊಸದನ್ನು ತಂದು, ಲೇಬಲ್ ಕಿತ್ತು, ಅದೇ ಚೀಟಿ ಅಂಟಿಸಿಟ್ಟೆ.

ಅಷ್ಟರಲ್ಲಿ ಅವಳ ಹಲ್ಲು ಕಂದತೊಡಗಿತು. ಮೊದಲು ಸಂದಿಗಳಲ್ಲಿ, ಆಮೇಲೆ ಮುಂದಿನ ಹಲ್ಲುಗಳ ಮೇಲೇ ಕಂದು ಬಣ್ಣ. ದಿನಕ್ಕೆ ಐದು ಸಲ ಟೀ ಕುಡಿಯುವವಳು. ಹೊಸದಾಗಿ ತಂದ ಬಾಟಲಿಯ ಲೇಬಲ್ ಕೀಳುವಾಗ ಸಣ್ಣಕ್ಷರ ಓದಿದೆ: ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಲೆಯಾಗಬಹುದು, ಟೀ ಕಾಫಿ ಕುಡಿಯುವವರಿಗೆ ಇನ್ನೂ ಬೇಗ. ಇನ್ನೆರಡು ವಾರ ಕಳೆದರೆ ಲೆಕ್ಕ ಪೂರ್ತಿಯಾಗುತ್ತದೆ ಎಂದುಕೊಂಡು ಲೇಬಲ್ಲನ್ನು ಮಡಚಿ ಕಸಕ್ಕೆ ಹಾಕಿದೆ.

ಅವಳು ಮೊದಲಿನಿಂದಲೂ ಇದು ತನ್ನದೇ ಕೊಳಕು ಎಂದುಕೊಂಡಿದ್ದಳು. ಉಪ್ಪು ಹಾಕಿ ಉಜ್ಜಿ ಒಸಡು ಹುಣ್ಣಾಗಿತ್ತು. ದಿನಾ ಮಕ್ಕಳಿಗೆ ಹಲ್ಲು ಉಜ್ಜುವ ಪಾಠ ಹೇಳುವವಳು ಅವಳು. ಒಂದು ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಮಗೂನ ಕರ್ಕೊಂಡು ಹೋಗಕ್ಕೆ ಬಂದೋರು, 'ಟೀಚರಮ್ಮಂದು ಹೇಳೋದು ಆಚಾರ, ತಿನ್ನೋದು ಬದನೇಕಾಯಿ' ಅಂದ್ಬಿಟ್ರು ಕಣ್ರೀ. ಎಲ್ರೂ ನಕ್ರು." ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಅಷ್ಟು ಹೊತ್ತಿಗೆ ಲೆಕ್ಕದ ಆಸೆ ಹೋಗಿ, ಬರೀ ಹೆದರಿಕೆ ಉಳಿದಿತ್ತು.

ಕೊನೆಗೆ ಅವಳೇ ಡಾಕ್ಟರ ಹತ್ತಿರ ಹೋಗೋಣ ಎಂದಳು. ಚೀಟಿ ಅಂಟಿಸಿದ ಬಾಟಲಿಯನ್ನೂ ಚೀಲದಲ್ಲಿ ತಂದಿದ್ದಳು. ಡಾಕ್ಟರಮ್ಮ ಮುಚ್ಚಳ ತೆಗೆದು ಮೂಸಿ ನೋಡಿ, "ಇದನ್ನ ಎರಡು ತಿಂಗಳು ಯಾರಾದ್ರೂ ಹಾಕ್ತಾರಾ? ಯಾರು ಹೇಳಿದ್ದು ನಿಮ್ಗೆ?" ಎಂದು ಗದರಿದರು.

ಹೆಂಡತಿ ನನ್ನ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ಪ್ರಾಮಾಣಿಕತೆಯೂ ನನ್ನಲ್ಲಿರಲಿಲ್ಲ. ಗೋಡೆಯ ಮೇಲಿನ ದವಡೆಯ ಚಿತ್ರ ನೋಡುತ್ತಾ ಕೂತೆ.

"ನಾನೇ ಮೇಡಂ. ಗೊತ್ತಾಗ್ಲಿಲ್ಲ," ಎಂದಳು ಅವಳು.

ಡಾಕ್ಟರಮ್ಮ ಅರ್ಧ ಗಂಟೆ ಕೂತು ಕಲೆಯನ್ನೆಲ್ಲ ತೆಗೆದರು. ಹಲ್ಲು ಮೊದಲಿನಂತಾಯಿತು. ಮೆಟ್ಟಿಲು ಇಳಿಯುವಾಗ ನಾನು, "ಪರವಾಗಿಲ್ಲ, ಎಲ್ಲ ಹೋಯ್ತಲ್ಲ," ಎಂದೆ.

ಅವಳು ನಿಂತಳು. "ಹೋದ ತಿಂಗಳು ಕಸ ಹಾಕುವಾಗ ನೀವು ಮಡಚಿ ಹಾಕಿದ್ದ ಆ ಲೇಬಲ್ ಸಿಕ್ತು ಕಣ್ರೀ. ಓದ್ದೆ. ಅವತ್ತಿಂದ ಅದನ್ನ ಹಾಕೋದು ಬಿಟ್ಟೆ. ನೀವೇ ಹೇಳ್ತೀರೇನೋ ಅಂತ ದಿನಾ ಕಾದೆ. ಇವತ್ತು ಒಳಗಡೇನೂ ಕಾದೆ."