ಬ್ಲಾಗಿನಲ್ಲಿ ಬರೆದು, ಅಣ್ಣನಿಗೆ ಹೇಳಿದ್ದು

ಅವ್ವ ತೀರಿಕೊಂಡ ಮೇಲೆ ಅಪ್ಪನಿಗೆ ಮರೆವು ಹೆಚ್ಚಾಯಿತು. ಚಾಮರಾಜನಗರದ ಬಾಡಿಗೆ ಮನೆಯಲ್ಲಿ ನಾನೂ ಅಪ್ಪನೂ ಇಬ್ಬರೇ. ನನಗೆ ಮದುವೆಯಾಗಿರಲಿಲ್ಲ. ಗುಂಡ್ಲುಪೇಟೆಯ ಒಂದು ಕಚೇರಿಯಲ್ಲಿ ಬೆರಳಚ್ಚುಗಾರ್ತಿಯ ಕೆಲಸ. ಬೆಳಿಗ್ಗೆ ಅಪ್ಪನಿಗೆ ಸ್ನಾನ ಮಾಡಿಸಿ, ತಿಂಡಿ ಕೊಟ್ಟು, ನೋಡಿಕೊಳ್ಳಿ ಎಂದು ಪಕ್ಕದ ಮನೆಯವರಿಗೆ ಹೇಳಿ ಬಸ್ಸು ಹತ್ತಿದರೆ ತೆರಕಣಾಂಬಿ ದಾಟುವವರೆಗೂ ನಿಂತೇ ಹೋಗಬೇಕಿತ್ತು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಪ್ಪ ಕೇಳುತ್ತಿದ್ದ.

“ನಿಮ್ಮವ್ವ ಎಲ್ಲೋದ್ಲಮ್ಮಿ?”

ಮೊದಮೊದಲು ನಿಜ ಹೇಳುತ್ತಿದ್ದೆ. “ಅವ್ವ ತೀರೋದ್ಲು ಕಣಪ್ಪ.” ಸುದ್ದಿ ಈಗಷ್ಟೇ ಬಂತೇನೋ ಎಂಬಂತೆ ಅವನು ಗೋಡೆಗೆ ಒರಗಿ ಅಳುತ್ತಿದ್ದ. ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ ಅಳು. ಕೊನೆಗೆ ಸುಳ್ಳು ಹೇಳತೊಡಗಿದೆ. “ಗೋಪಾಲಸ್ವಾಮಿ ಬೆಟ್ಟಕ್ ಓಗವ್ಳೆ, ಬತ್ತಾಳೆ.” ಅಪ್ಪ ಬಾಗಿಲ ಕಡೆ ನೋಡುತ್ತಾ ಕೂರುತ್ತಿದ್ದ. ಅವನು ಕಾಯುವುದನ್ನು ನೋಡುವುದು ಅವನ ಅಳು ನೋಡುವುದಕ್ಕಿಂತ ಕಷ್ಟವಾಗಿತ್ತು.

ಅಣ್ಣ ಹರದನಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದ. ಆಗೀಗ ಬೈಕಿನಲ್ಲಿ ಬಂದು, ಒಂದು ಚಿಪ್ಪು ಬಾಳೆಹಣ್ಣು ಇಟ್ಟು, ಅಪ್ಪನ ಕೈ ಸವರಿ ಹೊರಟುಬಿಡುತ್ತಿದ್ದ. ನಾನು ಆ ಹಣ್ಣು ಸುಲಿದು ಅಪ್ಪನಿಗೆ ತಿನ್ನಿಸುತ್ತಿದ್ದೆ.

ಹೆಸರು ಹಾಕದೆ ಮನಸ್ಸಿಗೆ ಬಂದದ್ದನ್ನು ಕಂಪ್ಯೂಟರಿನಲ್ಲಿ ಬರೆದಿಡಬಹುದು, ಅದಕ್ಕೆ ಬ್ಲಾಗ್ ಅನ್ನುತ್ತಾರೆ ಎಂದು ಆ ದಿನಗಳಲ್ಲೇ ಒಂದು ಭಾನುವಾರದ ಪುರವಣಿಯಲ್ಲಿ ಓದಿದೆ. ಒಂದು ಸಂಜೆ ಬಸ್ಸು ತಪ್ಪಿತು. ಮುಂದಿನದಕ್ಕೆ ಇನ್ನೂ ಹೊತ್ತಿತ್ತು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರಿನ ಮಹಡಿ ಮೇಲಿನ ಸೈಬರ್ ಸೆಂಟರಿಗೆ ಹತ್ತಿದೆ. ಅದನ್ನು ನಡೆಸುತ್ತಿದ್ದವರು ವಯನಾಡಿನ ಕಡೆಯ ಹೆಂಗಸು. ತಮ್ಮ ಮಲಯಾಳದಲ್ಲಿ ನನ್ನನ್ನು ಅಕ್ಕ ಎಂದು ಕರೆಯುತ್ತಾ ಅವರೇ ಪಕ್ಕದಲ್ಲಿ ಕೂತು ಎಲ್ಲ ಮಾಡಿಕೊಟ್ಟರು.

“ಏನು ಹೆಸರು ಹಾಕಬೇಕು ಚೇಚಿ?”

“ನನ್ನ ಹೆಸರು ಹಾಕಲೇಬೇಕಾ?”

“ನಿಮ್ಮದು ಬೇಡ. ಬ್ಲಾಗಿಗೆ ಒಂದು ಹೆಸರು ಸಾಕು.”

“ಸಂಜೆಯ ಬಸ್ಸು” ಎಂದು ಹಾಕಿಸಿದೆ.

ಇಡೀ ದಿನ ಬೇರೆಯವರ ಮಾತನ್ನು ಪಟಪಟನೆ ಹೊಡೆಯುತ್ತಿದ್ದ ನನ್ನ ಬೆರಳುಗಳು ಅಲ್ಲಿ ಕದಲಲಿಲ್ಲ. ಬಹಳ ಹೊತ್ತಿನ ಮೇಲೆ “ಇವತ್ತು ತುಂಬ ಸುಸ್ತಾಗಿದೆ” ಎಂದು ಬರೆದೆ. ಆಮೇಲೆ ನಿಲ್ಲಿಸಲಾಗಲಿಲ್ಲ. ಪರದೆ ತುಂಬುವಷ್ಟು ಬರೆದಾಗ ಕರೆಂಟು ಹೋಯಿತು. “ಅಯ್ಯೋ, ಸೇವ್ ಮಾಡ್ಲಿಲ್ವಾ?” ಎಂದು ಅವರೇ ಹೆಚ್ಚು ನೊಂದುಕೊಂಡರು. ನನಗೆ ಅಷ್ಟು ಬೇಸರವಾಗಲಿಲ್ಲ. ಬಸ್ಸಿನಲ್ಲಿ ನಿಂತಾಗ ತಲೆಯೊಳಗಿನ ಗದ್ದಲ ಸ್ವಲ್ಪ ಇಳಿದಿತ್ತು.

ಆಮೇಲೆ ಆದಾಗೆಲ್ಲ ಹೋಗಿ ಬರೆಯತೊಡಗಿದೆ. ಒಂದು ದಿನ ಹಿಂದಿನದನ್ನೆಲ್ಲ ಓದಿಕೊಂಡು ಬಂದೆ. ಅದರ ತುಂಬ ಅಪ್ಪನ ಅಳುವೇ ಇತ್ತು, ನನ್ನದು ಎಲ್ಲೂ ಇರಲಿಲ್ಲ. ಅವ್ವ ಹೋದ ದಿನ ಬಂದವರಿಗೆ ಚಾಪೆ ಹಾಸುವುದು, ನೀರು ಕೊಡುವುದು, ಅಪ್ಪನನ್ನು ಹಿಡಿದುಕೊಳ್ಳುವುದು ಇದರಲ್ಲೇ ಇದ್ದೆ. ಅಳುವುದಕ್ಕೆ ನನಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಆ ಸಂಜೆ ಅವ್ವ ನನ್ನ ತಲೆ ಬಾಚುತ್ತಿದ್ದುದನ್ನು ಬರೆಯುತ್ತಾ ಅಲ್ಲೇ ಅತ್ತುಬಿಟ್ಟೆ. ಸೈಬರಿನ ಹೆಂಗಸು ಫ್ಯಾನನ್ನು ನನ್ನ ಕಡೆ ತಿರುಗಿಸಿದರು.

ಇನ್ನೊಮ್ಮೆ “ಅಣ್ಣನ ಮೇಲೆ ಕೋಪವಿದೆ” ಎಂದು ಬರೆದೆ. ಅಳಿಸಿದೆ. ಮತ್ತೆ ಬರೆದು ಹಾಗೇ ಬಿಟ್ಟೆ. ಮುಂದಿನ ಸಲ ಹೋದಾಗ ಅದರ ಕೆಳಗೆ ಗುರುತಿಲ್ಲದ ಯಾರೋ ಕೇಳಿದ್ದರು: “ಅವರಿಗೆ ಇದನ್ನು ಹೇಳಿದ್ದೀರಾ?”

ಹೇಳಿರಲಿಲ್ಲ. ಅಣ್ಣ ತಾನಾಗಿ ತಿಳಿದುಕೊಳ್ಳಲಿ ಎಂದು ಕಾಯುತ್ತಾ ಕೂತಿದ್ದೆ.

ಅವನು ಮತ್ತೆ ಬಂದು ಬೈಕಿನ ಕೀಲಿ ಕೈಗೆತ್ತಿಕೊಂಡಾಗ ಅಂದೆ, “ಅಣ್ಣ, ನನ್ ಕೈಲಿ ಒಬ್ಳೇ ಆಗದಿಲ್ಲ. ವಾರದಲ್ಲಿ ಎರಡ್ ದಿನ ಅಪ್ಪನ್ನ ನೀನ್ ಕರ್ಕಂಡೋಗು.” ಬರೆದು ಬರೆದು ಆ ಮಾತು ಬಾಯಿಗೆ ಹದವಾಗಿತ್ತು. ಧ್ವನಿ ಏರಲಿಲ್ಲ.

ಅವನು ಪೆಚ್ಚಾದ. “ನೀನ್ ಯೋಳ್ದೆ ಇದ್ರೆ ನಂಗೆಂಗಮ್ಮಿ ಗೊತ್ತಾಗದು?”

“ಈಗ ಯೋಳ್ತಾವ್ನಿ ಕಣಣ್ಣ.”

ಆ ಶನಿವಾರ ಅವನು ಬಂದು ಅಪ್ಪನನ್ನು ಕರೆದುಕೊಂಡು ಹೋದ. ನಾನು ಕದ ಹಾಕಿಕೊಂಡು ಮಲಗಿದವಳು ಕತ್ತಲಾಗುವವರೆಗೂ ಏಳಲಿಲ್ಲ. ಮರುದಿನ ಫೋನು ಬಂತು. “ಅಮ್ಮಿ, ಅಪ್ಪ ಅವ್ವನ್ನ ಕೇಳ್ತದೆ. ಏನ್ ಯೋಳ್ಲಿ ನಾನು?” ಬೆಟ್ಟಕ್ಕೆ ಹೋಗಿದ್ದಾಳೆ ಎಂದು ನಾನು ಹೇಳುತ್ತಿದ್ದ ಸುಳ್ಳನ್ನು ಅವನಿಗೆ ಹೇಳಿದೆ. ಅವ್ವ ಹೋದ ಮೇಲೆ ನಾವಿಬ್ಬರೂ ಅವಳ ವಿಷಯ ಮಾತಾಡಿದ್ದು ಅದೇ ಮೊದಲು, ಬಹಳ ಹೊತ್ತು.

ಕೆಲವು ವಾರ ಅಣ್ಣ ತಪ್ಪಿಸಿದ, ಹೆಚ್ಚಿನ ವಾರ ಬಂದ. ಆಯಾಸವೇನೂ ಹೋಗಲಿಲ್ಲ, ಆದರೆ ಯಾವುದಕ್ಕೆ ಆಯಾಸ ಎನ್ನುವುದು ಗೊತ್ತಿತ್ತು. ಅಪ್ಪ ತೀರಿಕೊಂಡ ಮೇಲೂ ಸ್ವಲ್ಪ ಕಾಲ ಬ್ಲಾಗಿನಲ್ಲಿ ಬರೆದೆ. ಆಮೇಲೆ ಒಂದು ಸಂಜೆ ಕೂತರೆ ಹೇಳಬೇಕಾದದ್ದೇನೂ ತೋಚಲಿಲ್ಲ. ಸೈಬರಿನ ಹೆಂಗಸಿನ ಜೊತೆ ಟೀ ಕುಡಿದು ಊರಿಗೆ ಹೊರಟೆ.