ಮೂಲೆಯ ಅರಿಷಿಣದ ಗುರುತು

ಆ ಕಾರ್ಡಿನಲ್ಲಿದ್ದದ್ದು ಅವ್ವನ ಮಾತಲ್ಲ ಬಸು. ಅದು ನನ್ನ ಮಾತು — ನಿನ್ನ ಅಕ್ಕನದು.

ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ. ನೀನು ಮ್ಯಾಟ್ರಿಕ್ ಓದಲು ಸವಣೂರಿಗೆ ಹೋದ ಮೇಲೆ, ತಿಳವಳ್ಳಿಯ ನಮ್ಮ ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತ ಹೇಳುವಳು, ನಾನು ಬರೆಯುವೆ. ‘ಹಸದ ಹೊಟ್ಟಿಲೆ ಓದಬ್ಯಾಡ. ಲೆಕ್ಕ ತಿಳೀಲಿಲ್ಲಂದ್ರ ಮಾಸ್ತರನ್ನ ಕೇಳು. ದೀಪದ ಮ್ಯಾಲೆ ಬಗ್ಗಿ ಕುಂತು ಕೂದಲಾ ಸುಟ್ಕೋಬ್ಯಾಡ.’ ಕೊನೆಗೆ ಬೆರಳಿಗೆ ಅರಿಷಿಣ ಹಚ್ಚಿ ಕಾರ್ಡಿನ ಮೂಲೆಗೆ ಒತ್ತುವಳು. ಅದೇ ಅವಳ ಸಹಿ.

ನೀನು ನಪಾಸಾದ ಸುದ್ದಿ ಬಂತು. ನೀನು ಮಾತ್ರ ನಾಚಿ ಸವಣೂರಿನಲ್ಲೇ ಉಳಿದಿದ್ದೆ. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ‘ಆದ್ರ ಆತು, ಜೀವಕ್ಕಿಂತ ಹೆಚ್ಚಲ್ಲಂತ ಬರಿ. ಮೊದಲನೇ ಬಸ್ಸಿಗೆ ಮನಿಗೆ ಬಾ ಅನ್ನು. ಅಪ್ಪಗ ನಾ ಹೇಳತೇನಿ.’

ನಾನು ಬರೆದದ್ದು ಒಂದೇ ಸಾಲು — ‘ಪಾಸಾಗೂತನಕ ನನಗ ಮಾರಿ ತೋರಸಬ್ಯಾಡ.’

ನೀನು ಹಟ ಹಿಡಿದು ಓದಲಿ ಎಂದು ಹಾಗೆ ಬರೆದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮನೆಗೆಲಸಕ್ಕೆಂದು ನನ್ನನ್ನು ಐದನೆಯ ಇಯತ್ತೆಗೇ ಶಾಲೆ ಬಿಡಿಸಿದ್ದರು. ಆಗ ಅವ್ವ ತುಟಿ ಬಿಚ್ಚಿರಲಿಲ್ಲ. ನಪಾಸಾದ ನಿನ್ನನ್ನು ಮಾತ್ರ ‘ಬಾ’ ಅನ್ನುತ್ತಾಳೆ — ಅದನ್ನು ನನ್ನ ಕೈಯಿಂದಲೇ ಬರೆಸುತ್ತಾಳೆ —

‘ಓದಿ ಹೇಳು,’ ಅಂದಳು. ಕಾರ್ಡು ನೋಡುತ್ತ, ಅವಳು ಹೇಳಿದ್ದನ್ನೇ ಹೇಳಿದೆ. ‘ಚಂದ ಬರದಿ ನೋಡು,’ ಎಂದು ಬೆರಳು ಒತ್ತಿದಳು. ಎಂದಿಗಿಂತ ಗಟ್ಟಿಯಾಗಿ.

ನೀನು ಬರಲಿಲ್ಲ. ಟ್ರಂಕು ಹೊತ್ತು ಬಂಕಾಪುರದಲ್ಲಿ ಹುಬ್ಬಳ್ಳಿ ಬಸ್ಸಿಗೆ ನಿಂತಿದ್ದೆಯಂತೆ; ನಮ್ಮೂರವರೊಬ್ಬರು ಕಂಡಿದ್ದರು. ಆಮೇಲೆ ಯಾರೂ ಕಾಣಲಿಲ್ಲ. ಅಪ್ಪ ಹುಡುಕಿ ಸೋತ. ಅವ್ವ ಸಂಜೆಯ ಬಸ್ಸಿಗೆ ನೀನು ಬಂದೀಯೆಂದು ದಿನಾ ಎರಡು ರೊಟ್ಟಿ ತೆಗೆದಿಟ್ಟಳು, ಮುಂಜಾನೆ ಎಮ್ಮೆಗೆ ಹಾಕಿದಳು. ಹನ್ನೊಂದು ವರ್ಷ.

ಹಾಸಿಗೆ ಹಿಡಿದಾಗ ಒಮ್ಮೆ ಕೇಳಿದಳು: ‘ಬಾ ಅಂತನ ಬರದಿದ್ದೆಲ್ಲ?’

‘ಹೌದಬೇ.’

‘ಹಂಗಾರ ಅವಗ ನಾನ ಬ್ಯಾಡಾದೆ.’ ಗೋಡೆಯ ಕಡೆ ಹೊರಳಿದಳು.

ಆಗಲಾದರೂ ಹೇಳಬಹುದಿತ್ತು. ಅವಳ ಹೊದಿಕೆ ಸರಿಮಾಡಿದೆ, ಅಷ್ಟೇ. ಮೂರನೆಯ ದಿನ ಹೋದಳು.

ಇದನ್ನು ಯಾವ ಊರಿಗೆ ಕಳಿಸಬೇಕೋ ಗೊತ್ತಿಲ್ಲ. ನೀನು ಇದ್ದೀಯೋ ಇಲ್ಲವೋ, ಅದೂ — ಆ ಕಾರ್ಡು ಇನ್ನೂ ನಿನ್ನ ಹತ್ತಿರ ಇದ್ದರೆ, ಅಕ್ಷರಗಳೆಲ್ಲ ನನ್ನವು. ಮೂಲೆಯ ಗುರುತಷ್ಟೇ ಅವ್ವನದು.