ಯಾರು ಮುಟ್ಟಿದ್ರಿ?

ಯಾವ ಮನೆಯ ಸೆಟ್‌ಟಾಪ್ ಬಾಕ್ಸ್‌ಗೆ ಸಿಗ್ನಲ್ ನಿಂತರೂ ಬನಹಟ್ಟಿಯ ಕೇಬಲ್ ಪರಮಾನಂದ ಹೊಸ್ತಿಲಲ್ಲೇ ನಿಂತು, "ಬಾಕ್ಸ್ ಯಾರು ಮುಟ್ಟಿದ್ರಿ?" ಎನ್ನುತ್ತಿದ್ದ. ಇಲಿ ಮುಟ್ಟಿರುತ್ತಿತ್ತು, ಮಗ್ಗದ ನಡುಕ ಮುಟ್ಟಿರುತ್ತಿತ್ತು, ಒಮ್ಮೆ ಊದುಬತ್ತಿಯ ಹೊಗೆಯೂ ಮುಟ್ಟಿತ್ತು. ಅವನ ಕೇಬಲ್ ಮಾತ್ರ ಎಂದೂ ತಪ್ಪು ಮಾಡಿದ್ದಿಲ್ಲ. ನೇಕಾರರ ಓಣಿಯ ಕೆಂಪವ್ವ ತನ್ನ ಮನೆಯ ಟಿವಿ ನಿಂತಾಗ ಅವನ ಮಾತನ್ನೇ ನಂಬಿ, "ನೀನ ಮುಟ್ಟಿರತಿ" ಎಂದು ಸೊಸೆ ಅಂಜನಾಳನ್ನು ಟಿವಿಯ ಹತ್ತಿರ ಸುಳಿಯಗೊಡಲಿಲ್ಲ. ವಾರವಾದರೂ ಚಿತ್ರ ಬಾರದಾಗ ಪರಮಾನಂದ ಕಂಬ ಹತ್ತಿದ. ಕನೆಕ್ಟರ್ ಹಾಕದೆ ತಾನೇ ಕೈಯಿಂದ ಹೊಸೆದು ಬಿಟ್ಟಿದ್ದ ತಂತಿ ಅಲ್ಲಿ ಕಿಲುಬು ಹಿಡಿದಿತ್ತು. ಸರಿಪಡಿಸಿ ಇಳಿದು ಬಂದ. "ಈಕೀನ ದೂರ ಇಟ್ಟಿದ್ದಕ್ಕ ಛಲೋ ಬಂತು ನೋಡಪಾ," ಎಂದಳು ಕೆಂಪವ್ವ. ಟಿವಿಗೆ ಬೆನ್ನು ಹಾಕಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಂಜನಾ ತಲೆ ಎತ್ತಲಿಲ್ಲ. ಪರಮಾನಂದ "ಹೂಂ" ಎಂದ. ಈಗ ಎಲ್ಲಿ ಕರೆದರೂ ಅವನು ಮೊದಲು ಕಂಬ ಹತ್ತುತ್ತಾನೆ. ಕೆಂಪವ್ವನ ಮನೆಯ ಹೊಸ್ತಿಲಿಗೆ ಮಾತ್ರ ಬರುವುದಿಲ್ಲ.